ಮುಂದಿನ ದೋಣಿ

ಬಾಡಿಗೆಗೆ ತಂದ ಕುರ್ಚಿಗಳನ್ನು ಅಣ್ಣ ಮತ್ತೆ ಎತ್ತಿ ಗೋಡೆಯ ಕಡೆಗೆ ಸರಿಸತೊಡಗಿದ. ಆಗಷ್ಟೇ ಅವನ್ನು ಕಿಟಕಿಯ ಹತ್ತಿರ ಸಾಲಾಗಿ ಇಟ್ಟವನೂ ಅವನೇ.

“ಸಾಕು ಬಿಡೋ ಅಣ್ಣ. ಜನ ಎಲ್ಲಿ ಬೇಕಾದ್ರೂ ಕೂತ್ಕೋತಾರೆ,” ಎಂದಳು ತಂಗಿ.

“ಅವಳನ್ನ ಹೊರಗೆ ತರೋವಾಗ ತಗುಲಬಾರದು.”

ಒಳಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಅತ್ತಿಗೆಯ ಶವಪೆಟ್ಟಿಗೆ ಇತ್ತು. ಬೀದಿಯವರೆಲ್ಲರ ಅಳತೆ ಬಲ್ಲ ದರ್ಜಿ ಅವಳು. ಊಟಕ್ಕೆ ಕೂತರೂ ಯಾರದೋ ಗುಂಡಿ ನೆನಪಾಗಿ ಎದ್ದು ಹೋಗುವವಳು. ಹೊಳೆಯಲ್ಲಿ ದೋಣಿ ವಿಹಾರ ಮುಗಿಸಿ ಬಂದು ಹಾಸಿಗೆ ಹಿಡಿದವಳು ವಾರ ಕೂಡ ತಳ್ಳಲಿಲ್ಲ. ಅಣ್ಣ ಬೆಳಗಿನಿಂದ ಮನೆಯೆಲ್ಲ ಸುತ್ತಿದ್ದ, ಆ ಕೋಣೆಯ ಹೊಸ್ತಿಲು ಮಾತ್ರ ದಾಟಿರಲಿಲ್ಲ.

“ಪ್ರತಿ ವರ್ಷ ದೋಣೀಲಿ ಎಷ್ಟು ಕಾಡ್ತಿದ್ರು, ಹೀಗೆ ತೇಲಿಕೊಂಡು ಹೋದ್ರೆ ದಡ ಸೇರೋದು ಯಾವಾಗ ಅಂತ,” ಎಂದ ಸಾವಿಗೆ ಬಂದಿದ್ದ ಬೀದಿಯ ಪೋಸ್ಟ್‌ಮನ್.

“ಈ ಸಲ ಹುಟ್ಟು ತೊಡೆ ಮೇಲಿಟ್ಕೊಂಡು ಮಹಾರಾಣಿ ಥರ ಕೂತಿದ್ರಲ್ಲ. ಸುಧಾರಿಸ್ಕೊಳ್ಳೋದು ಕೊನೆಗೂ ಕಲಿತ್ರು ಅಂದ್ಕೊಂಡೆ,” ಎಂದ ಗಡಿಯಾರದಂಗಡಿಯವನು.

ತಂಗಿ ಖಾಲಿ ಲೋಟಗಳನ್ನು ಬಾಚಿಕೊಂಡು ಅಡುಗೆಮನೆಗೆ ನಡೆದುಬಿಟ್ಟಳು.

*

ಎಲೆ ಉದುರುವ ಕಾಲ. ಆವತ್ತೂ, ಪ್ರತಿ ವರ್ಷದಂತೆ, ಬೀದಿಯವರು ದೋಣಿಗಳಲ್ಲಿ ಹೊಳೆಗುಂಟ ಮೆಲ್ಲಗೆ ಇಳಿಯುತ್ತಿದ್ದರು. ಹಳದಿ ಎಲೆಗಳು ದೋಣಿಗಿಂತ ಮುಂದೆ ಹೋಗುತ್ತಿದ್ದವು. ಯಾವಾಗಲೂ ಹೆಂಡತಿಯ ಜೊತೆ ಕೂರುವ ಅಣ್ಣ, ಈ ಸಲ ದಾರಿ ತೋರಿಸುತ್ತೇನೆಂದು ಮುಂದಿನ ದೋಣಿ ಹತ್ತಿದ್ದ. ಹಿಂದಿನದರಲ್ಲಿ ಅತ್ತಿಗೆ, ತಂಗಿ ಇಬ್ಬರೇ.

ತಿರುವಿನಲ್ಲಿ ಅತ್ತಿಗೆ ಹುಟ್ಟನ್ನು ತೊಡೆಯ ಮೇಲಿಟ್ಟಳು.

“ಏನಾಯ್ತು ಅತ್ತಿಗೆ?”

“ಹೊಟ್ಟೆ ಹಿಂಡ್ತಿದೆ. ಇವತ್ತಿಂದಲ್ಲ ಇದು. ಡಾಕ್ಟರ್ ಕೈ ಚೆಲ್ಲಿಬಿಟ್ಟಿದಾರೆ.” ಆಮೇಲೆ, ತುಸು ಸಿಟ್ಟಿನಿಂದಲೇ, “ನಿಮ್ಮಣ್ಣನಿಗೆ ಗೊತ್ತಿಲ್ಲ. ನೀನೂ ಬಾಯಿ ಬಿಡಬೇಡ. ನೋಡು, ಎಷ್ಟು ಖುಷಿಯಾಗಿದಾರೆ.”

ಮುಂದಿನ ದೋಣಿಯಲ್ಲಿ ಅಣ್ಣ ಹಳಸಿದ ಜೋಕುಗಳನ್ನೇ ಒಂದರ ಹಿಂದೊಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ಆ ನಗು ಕೇಳಿ ತಂಗಿಗೆ ಮೈ ಉರಿಯಿತು. ಅಂಗೈ ಬೊಬ್ಬೆ ಏಳುವವರೆಗೂ ಒಬ್ಬಳೇ ಹುಟ್ಟು ಹಾಕಿದಳು.

*

ಅಣ್ಣ ಅಡುಗೆಮನೆಗೂ ಬಂದ. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯತೊಡಗಿದ.

“ಅಣ್ಣ, ಅತ್ತಿಗೆಗೆ ಹೊಳೆಗೆ ಹೋಗೋ ಮುಂಚೇನೇ…”

“ಗೊತ್ತು.” ಅವನು ನಲ್ಲಿ ನಿಲ್ಲಿಸಿದ. “ಆಸ್ಪತ್ರೆಯಿಂದ ಫೋನ್ ಬಂದಾಗ ಎತ್ತಿದ್ದು ನಾನೇ. ನನಗೆ ತಿಳಿದಿದೆ ಅಂತ ಅವಳಿಗೆ ಗೊತ್ತಾಗಿದ್ರೆ, ತನ್ನ ನೋವು ಬಿಟ್ಟು ನನ್ನನ್ನ ಸಮಾಧಾನ ಮಾಡ್ತಾ ಕೂರೋಳು. ಅದಕ್ಕೇ ಮುಂದೆ ಕೂತೆ. ಹಿಂದಿನಿಂದ ಮುಖ ಕಾಣಲ್ಲವಲ್ಲ.”

ತಂಗಿ ಅವನ ಕೈಯಿಂದ ಲೋಟ ತೆಗೆದುಕೊಂಡಳು.

“ಆವತ್ತು ನನ್ನ ಬಗ್ಗೆ ಏನಾದ್ರೂ ಅಂದ್ಲಾ?”

“ದಾರಿಯುದ್ದಕ್ಕೂ ನಿನ್ನನ್ನೇ ನೋಡ್ತಿದ್ರು. ಶರ್ಟಿನ ಹೆಗಲ ಹತ್ರ ಹೊಲಿಗೆ ಬಿಟ್ಟಿದೆ, ಹೋದ ತಕ್ಷಣ ಹಾಕಬೇಕು ಅಂದ್ರು.”

“ಹಾಕಿದ್ಲು,” ಎಂದ ಅಣ್ಣ. “ಬಂದ ದಿನಾನೇ ಹಾಕಿದ್ಲು.”

ಕೈ ಒರೆಸಿಕೊಳ್ಳದೆಯೇ ಒಳಕೋಣೆಗೆ ಹೋದ. ಹೊಲಿಗೆ ಮಿಷನ್ ಮುಂದಿದ್ದ ಸ್ಟೂಲನ್ನು ಎಳೆದುಕೊಂಡು ಅವಳ ತಲೆಯ ಹತ್ತಿರ ಕೂತ. ಪೆಟ್ಟಿಗೆಯ ಮುಚ್ಚಳ ಹಿಡಿದು ಬಂದ ಪೋಸ್ಟ್‌ಮನ್, ಗಡಿಯಾರದಂಗಡಿಯವನು ಬಾಗಿಲಲ್ಲೇ ನಿಂತರು. ಅಣ್ಣ ಬಾಗಿ, ತನ್ನ ಮುಖವನ್ನು ಅವಳ ಮುಖದ ಎದುರಿಗೆ ತಂದು ಹಾಗೇ ಹಿಡಿದಿದ್ದ. ಕೆನ್ನೆಯೆಲ್ಲ ಒದ್ದೆಯಾಗಿತ್ತು. ಅವನು ಒರೆಸಿಕೊಳ್ಳಲಿಲ್ಲ.