ನೆರೆಯವರ ದಿನ ಅಲೀಮಾ ಒಳಗೆ ಹೋದದ್ದು

ಮಸೀದಿಯ ಗೇಟಿಗೆ ಕಟ್ಟಿದ ಫ್ಲೆಕ್ಸಿನ ಮೇಲೆ ‘ಬನ್ನಿ ನೆರೆಯವರೇ, ನಮ್ಮನ್ನು ಅರಿಯಿರಿ’ ಎಂದು ಬರೆದಿತ್ತು. ಅಕ್ಷರಗಳಿಗಿಂತ ದೊಡ್ಡದಾಗಿ ಕಮಿಟಿ ಅಧ್ಯಕ್ಷ ಹುಸೇನಪೀರನ ಫೋಟೋ ಇತ್ತು. ಅವನು ಅಲೀಮಾಳ ಮೈದುನ. ಆ ನಗುಮುಖ ನೋಡಿ ಅವಳು ಮುಖ ತಿರುಗಿಸಿದಳು.

ಇಳಕಲ್ಲಿನ ಆ ಓಣಿಗೆ ಸೊಸೆಯಾಗಿ ಬಂದಾಗಿನಿಂದ ಮಸೀದಿ ಅವಳ ಮನೆಯ ಮಗ್ಗುಲಲ್ಲೇ ಇದೆ. ರಂಜಾನ್ ಬಂತೆಂದರೆ ಅದರ ಜಮಖಾನಿಗಳು ಅವಳ ಅಂಗಳಕ್ಕೆ ಬೀಳುತ್ತಿದ್ದವು. ತೊಳೆದು, ಒಣಗಿಸಿ, ಗೇಟಿನವರೆಗೆ ಹೊತ್ತು ಕೊಟ್ಟು ಬರುತ್ತಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ. ಓಣಿಯ ಯಾವ ಮುಸಲ್ಮಾನ ಹೆಂಗಸೂ ಇಟ್ಟಿರಲಿಲ್ಲ.

ಹೋದ ವರ್ಷ ಅವಳ ಗಂಡ ಅಬ್ದುಲಸಾಬ ಆ ಮಸೀದಿಯಲ್ಲೇ ಸಂಜೆಯ ನಮಾಜಿಗೆ ಮಂಡಿಯೂರಿದವನು ಹಾಗೇ ಮಗ್ಗುಲಾಗಿ ಬಿದ್ದು ಸತ್ತ. ಮನೆಗೆ ಹೆಣ ಬಂತು. ಎಲ್ಲಿ ಬಿದ್ದ, ಯಾವ ಕಂಬದ ಹತ್ತಿರ, ಅದನ್ನೊಮ್ಮೆ ಕಣ್ಣಾರೆ ನೋಡಬೇಕೆಂದು ಅವಳು ಹುಸೇನಪೀರನನ್ನು ಕೇಳಿದ್ದಳು. ಯಾರೂ ಇಲ್ಲದ ಹೊತ್ತಿನಲ್ಲಾದರೂ ಸಾಕು ಎಂದಿದ್ದಳು.

“ಹೆಂಗಸರು ಒಳಗ ಬರೂ ಪದ್ಧತಿ ನಮ್ಮಲ್ಲಿ ಇಲ್ಲ ಭಾಬಿ. ಮಂದಿ ಏನಂದಾರು?” ಎಂದು ಅವನು ಹಲ್ಲಿಗೆ ಕಡ್ಡಿ ಹಾಕುತ್ತ ಹೇಳಿದ್ದ.

ಈಗ ಅದೇ ಮಂದಿಗೆ ಗುಲಾಬಿ ಕೊಟ್ಟು ಕರೆಯುತ್ತಿದ್ದ. ಹಿಂದೂ ಹೆಂಗಸರನ್ನೂ. ಅವರಿಗೆಂದು ಸುರಕುಂಬಾ ಕುದಿಸಿದವಳು ಅಲೀಮಾ. ಹಾಲು, ಶಾವಿಗೆ, ಉತ್ತತ್ತಿ ಹಿಂದಿನ ದಿನವೇ ಅವಳ ಮನೆಗೆ ಬಂದಿದ್ದವು.

ಎದುರುಮನೆಯ ಸಿದ್ದಲಿಂಗವ್ವ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದಳು. “ಗೇಟಿನ ತನಕ ಕೈ ಹಿಡಿ ಬಾರಬೇ. ಮೊಣಕಾಲು ಎತ್ತಾಕ ಬರವಲ್ದು.”

“ನೀ ಒಳಗ ಹೋಗಾಕಿ, ನಾ ಕೈ ಹಿಡ್ಯಾಕಿ. ಛಲೋ ಆತು.”

“ಊರಿಗೆ ಉಪಕಾರಿ, ಮನಿಗೆ ಮಾರಿ. ನಿನ್ನ ಮೈದುನನ್ನ ನೋಡೇ ಈ ಗಾದಿಮಾತು ಮಾಡ್ಯಾರ ನೋಡು.”

ಗೇಟಿನಲ್ಲಿ ನಿಂತಿದ್ದ ಸಾಹಿಲ ಬಾಗಲಕೋಟೆಯವನು; ಅತಿಥಿಗಳಿಗೆ ಇಸ್ಲಾಂ ತಿಳಿಸಿ ಹೇಳಲು ಕಮಿಟಿ ಕರೆಸಿದ ತರುಣ. ಅವನಿಗೆ ಕಂಡದ್ದು ಇಬ್ಬರು ಮುದುಕಿಯರು, ಇಬ್ಬರ ಮೈಮೇಲೂ ಇಳಕಲ್ ಸೀರೆ, ಇಬ್ಬರ ತಲೆಯ ಮೇಲೂ ಕೆಂಪು ಸೆರಗು. ಅಲೀಮಾ ಬುರ್ಖಾ ಹಾಕಿದವಳಲ್ಲ. ಅವಳ ಅತ್ತೆಯೂ ಹಾಕಿರಲಿಲ್ಲ. ಅಲೀಮಾಳ ಹಣೆ ಬೋಳು, ಕೈ ಬೋಳು. ಗಂಡ ಸತ್ತವಳ ಹಣೆ ನೋಡಿ ಜಾತಿ ಹೇಳಲು ಈ ಸೀಮೆಯಲ್ಲಿ ಯಾರಿಂದಲೂ ಆಗದು.

“ಬನ್ನಿ ತಾಯಂದಿರೇ, ಇದು ನಿಮ್ಮದೇ ಮನೆ ಎಂದು ತಿಳಿಯಿರಿ” ಎಂದು ಸಾಹಿಲ ಇಬ್ಬರ ಕೈಗೂ ಗುಲಾಬಿ ಇಟ್ಟ.

ಅಲೀಮಾ ಕೈ ಬಿಡಿಸಿಕೊಳ್ಳಲು ಹೋದಳು. ಸಿದ್ದಲಿಂಗವ್ವ ಇನ್ನಷ್ಟು ಬಿಗಿಯಾಗಿ ಹಿಡಿದಳು. “ಬಾಯಿ ಮುಚ್ಕೊಂಡು ಬಾ” ಎಂದು ಪಿಸುಗುಟ್ಟಿದಳು.

ಸಾಹಿಲ ಕೈಕಾಲು ತೊಳೆಯುವ ನಲ್ಲಿಗಳನ್ನು ತೋರಿಸಿದ. ದಿನಕ್ಕೆ ಐದು ಹೊತ್ತು ಪ್ರಾರ್ಥನೆ ಎಂದು ಅಲೀಮಾಳಿಗೆ ಬಿಡಿಸಿ ಹೇಳಿದ. “ಹೌದೇನಪಾ?” ಎಂದಳು ಅವಳು. ಸಿದ್ದಲಿಂಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ಕೆಮ್ಮಿದಳು. “ನಮ್ಮ ಧರ್ಮದಲ್ಲಿ ತಾಯಿಯ ಪಾದದಡಿ ಸ್ವರ್ಗವಿದೆ ಅಮ್ಮಾ. ಹೆಣ್ಣಿಗೆ ಅಷ್ಟು ಗೌರವ” ಎಂದ ಸಾಹಿಲ. ಅವನ ಮುಖದಲ್ಲಿ ಕಪಟವಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು.

ಒಳಗೆ ಫ್ಯಾನುಗಳು, ಸುಣ್ಣ ಬಳಿದ ಕಂಬಗಳು, ಅವಳೇ ತೊಳೆದ ಜಮಖಾನಿಗಳು. ಹುನಗುಂದದಿಂದ ಬಂದ ಗಣ್ಯರ ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿಗಳು. ಹುಸೇನಪೀರ ಮೈಕು ಹಿಡಿದು ನಗುತ್ತಿದ್ದವನು ಅವಳನ್ನು ಕಂಡ. ಮೈಕು ಬೇರೆಯವರಿಗೆ ಕೊಟ್ಟು ಧಾವಿಸಿ ಬಂದ. ನಗು ಮುಖದ ಮೇಲೇ ಉಳಿದಿತ್ತು, ದನಿ ಮಾತ್ರ ಬೇರೆಯಾಗಿತ್ತು.

“ಏನ್ ಭಾಬಿ ಇದು? ಹಿಂದಿನ ಬಾಗಲದಿಂದ ಹೊರಗ ನಡೀರಿ.”

“ನಿಮ್ಮಣ್ಣ ಎಲ್ಲಿ ಬಿದ್ದ? ತೋರ್ಸು, ಹೋಗ್ತೇನಿ.”

“ಮಂದಿ ಅದಾರ ಭಾಬಿ.”

“ಮಂದಿ ಅದಾರಂತನ ಕೇಳಾಕತ್ತೇನಿ. ತೋರಸ್ತಿಯೋ, ಆ ಮೈಕಿನ್ಯಾಗ ನನ್ನ ಹೆಸರು ಹೇಳ್ಲೋ?”

ಅವನು ಗದ್ದ ಎತ್ತಿ ತೋರಿಸಿದ. ಎರಡನೇ ಕಂಬದ ಬುಡ. ಅಲ್ಲಿ ತಿಂಡಿಯ ಟೇಬಲ್ಲು ಹಾಕಿದ್ದರು. ಅದರ ಕೆಳಗೆ ಎಂಜಲು ಲೋಟಗಳ ಬುಟ್ಟಿ. ಅವಳು ಕುದಿಸಿದ ಸುರಕುಂಬಾ ಬುಟ್ಟಿಯಿಂದ ಸೋರಿ ಜಮಖಾನಿಯ ಮೇಲೆ ಹರಿದಿತ್ತು. ನೊಣಗಳು ಮುಸುರಿದ್ದವು. ಅಣ್ಣ ಬಿದ್ದಾಗ ಪಕ್ಕದಲ್ಲೇ ಇದ್ದವನು ಇವನು. ಟೇಬಲ್ಲು ಎಲ್ಲಿ ಹಾಕಬೇಕೆಂದು ಹೇಳಿದವನೂ ಇವನೇ.

“ಬುಟ್ಟಿ ತಗಿ” ಎಂದಳು.

ಅವನು ಅತ್ತಿತ್ತ ನೋಡಿ, ಬಿಳಿ ಜುಬ್ಬಾದ ತೋಳು ಮೇಲೇರಿಸಿ, ಬುಟ್ಟಿ ಎಳೆದ. ಅಲೀಮಾ ಕೂತಳು. ಅಂಟುವ ಜಮಖಾನಿಯ ಮೇಲೆ ಅಂಗೈ ಇಟ್ಟಳು. ಕೈ ಎತ್ತಿ ಗಂಡನಿಗಾಗಿ ದುವಾ ಕೇಳಿದರೆ ಗುಟ್ಟು ರಟ್ಟಾಗುತ್ತದೆ. ತುಟಿ ಅಲುಗಿಸದೆ ಕೇಳಿದಳು. ಹುಸೇನಪೀರನ ಹಣೆಯಲ್ಲಿ ಬೆವರು ಕಿತ್ತಿತು.

ಸಾಹಿಲ ಮೊಬೈಲು ಹಿಡಿದು ಬಂದ. “ನೋಡಿ, ನೆರೆಯ ತಾಯಿ ಎಷ್ಟು ಶಾಂತಿಯಿಂದ ಕೂತಿದ್ದಾರೆ! ಏನನ್ನಿಸಿತು, ಹೇಳಿ ಅಮ್ಮಾ.”

“ಜಮಖಾನಿ ನಾರಾಕತ್ತೈತಿ” ಎಂದಳು ಅಲೀಮಾ.

ಮರುದಿನ ಸಿದ್ದಲಿಂಗವ್ವ ಮೊಮ್ಮಗಳ ಫೋನು ತಂದು ತೋರಿಸಿದಳು. ಅಲೀಮಾ ಕೂತ ಚಿತ್ರ ಇತ್ತು, ಮಾತು ಕತ್ತರಿಸಿದ್ದರು. ‘ಮಸೀದಿಯಲ್ಲಿ ನೆಮ್ಮದಿ ಕಂಡ ಹಿಂದೂ ತಾಯಿ’ ಎಂದು ಕೆಳಗೆ ಬರೆದಿತ್ತು. ಸಿದ್ದಲಿಂಗವ್ವ ನಕ್ಕಳು. ಅಲೀಮಾ ನಗಲಿಲ್ಲ.

ಅದೇ ಹೊತ್ತಿಗೆ ಹುಸೇನಪೀರ ಬಂದ. ಸುರಕುಂಬಾ ಸೋರಿದ ಜಮಖಾನಿಯ ಸುರುಳಿಯನ್ನು ಅಂಗಳದಲ್ಲಿ ಹಾಕಿದ. “ಶುಕ್ರವಾರದೊಳಗ ಆಗ್ಬೇಕು ಭಾಬಿ. ನಿನ್ನಿ ಆಗಿದ್ದನ್ನ ಯಾರ ಮುಂದೂ ಆಡಬ್ಯಾಡ್ರಿ.”

ಗಂಡ ಸತ್ತ ಮೇಲೆ ಬಂದ ರಂಜಾನಿನಲ್ಲೂ ಇದೇ ಬಂದಿತ್ತು. ಗಂಡ ಬಿದ್ದ ಜಮಖಾನಿ ಎಂದು ಯಾರೂ ಹೇಳಿರಲಿಲ್ಲ. ಗೊತ್ತಿಲ್ಲದೆ ಕಾಲಿನಿಂದ ತುಳಿದು ತೊಳೆದಿದ್ದಳು.

“ಕರೆದ ಬೀಗರ ಕೈಲೆ ಜಮಖಾನಿ ತೊಳಸ್ತಾರೇನೋ?” ಎಂದಳು. “ಗುಲಾಬಿ ಕೊಟ್ಟೀರಿ ನನಗ.”

ಅವಳು ಸುರುಳಿಯನ್ನು ಎಳೆದು ಅಂಗಳದಾಚೆ ಓಣಿಗೆ ದಬ್ಬಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಿಂದ ನೋಡಿದಳು. ಕಮಿಟಿ ಅಧ್ಯಕ್ಷ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಒಂದೇ ಕೈಯಲ್ಲಿ ಅದನ್ನು ಓಣಿಯುದ್ದಕ್ಕೂ ಎಳೆದುಕೊಂಡು ಹೋಗುತ್ತಿದ್ದ. ನೊಣಗಳು ಹಿಂದೆ ಹೋಗುತ್ತಿದ್ದವು.