ಎರಡನೆಯವನ ಅಳತೆ

ಶಾಂತಪ್ಪ ನೂಲಿನ ಒಂದು ತುದಿಯನ್ನು ಗೆಳೆಯ ಸೂರ್ಯಕಾಂತನ ಹಿಮ್ಮಡಿಗೆ ಒತ್ತಿ, ಇನ್ನೊಂದನ್ನು ಹೆಬ್ಬೆರಳಿನವರೆಗೆ ಎಳೆದು ಹಿಡಿದಿದ್ದ. ನೂಲು ಸಡಿಲಾಯಿತು. ಮತ್ತೆ ಎಳೆದ. ನಾರಾಯಣಗೂಡದ ಆ ಸಣ್ಣ ಮನೆಯ ಮುಂಗೋಣೆಯಲ್ಲಿ ಸೂರ್ಯಕಾಂತನನ್ನು ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಎಡಗೈಯಲ್ಲಿ ಇಷ್ಟಲಿಂಗ. ಹಿಂದಿನ ಸಂಜೆ ಚಹಾ ಕುಡಿಯುತ್ತ ಕೂತಿದ್ದಾಗಲೇ ಎದೆಬಡಿತ ನಿಂತುಹೋಗಿತ್ತು. ಮುಖದಲ್ಲಿ ನೋವಿನ ಗುರುತು ಇರಲಿಲ್ಲ. ಮೇಲಕ್ಕೆ ತಿರುಗಿದ್ದ ಅಂಗಾಲು ಮಾತ್ರ ನೆಲದ ಕಲ್ಲಿನಷ್ಟು ತಣ್ಣಗಿತ್ತು.

"ಎಷ್ಟಾತ್ರಿ?" ಮಠದ ಅಯ್ಯನವರು ಬಾಗಿಲಿನಿಂದಲೇ ಕೇಳಿದರು. "ಕುಣಿ ತೋಡೋರು ಫೋನಿನ್ಯಾಗ ಕಾಯಾಕತ್ತಾರ. ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಪಾದ ಎಷ್ಟು ಅಂತ ಹೇಳಿಬಿಟ್ರ ಅವರು ಸುರು ಮಾಡ್ತಾರ."

ಸತ್ತವರ ಪಾದದಿಂದಲೇ ಅವರ ಸಮಾಧಿಯನ್ನು ಅಳೆಯುವುದು ಆ ಮನೆತನದ ರೂಢಿ. ಊರು ಬಿಟ್ಟು ಬಂದು ನಲವತ್ತು ವರ್ಷವಾದರೂ ಅದನ್ನು ಬಿಟ್ಟಿರಲಿಲ್ಲ.

"ಹತ್ತು ಇಂಚು ಅಂತ ಹೇಳ್ರಲಾ," ಎಂದ ಹನುಮಂತರಾಯ. ಸೂರ್ಯಕಾಂತನ ಹೆಂಡತಿ ಸುವರ್ಣಾಳ ತಮ್ಮ ಅವನು. ಬೆಳಗಿನಿಂದ ಗಾಡಿ, ಹೂವು, ಅಯ್ಯನವರು ಎಂದು ಓಡಾಡಿ ದಣಿದಿದ್ದ. "ಗಂಡಸರ ಪಾದ ಅಂದ್ರ ಹತ್ತು. ಇದಕ್ಕ ಇಷ್ಟೊತ್ತಾ?"

"ಅಂದಾಜು ಬ್ಯಾಡಪ್ಪ," ಎಂದ ಶಾಂತಪ್ಪ. "ಇಲ್ಲಿ ಕಾಲು ಇಂಚು ತಪ್ಪಿದ್ರ ಅಲ್ಲಿ ಒಂಬತ್ತು ಪಾದಕ್ಕ ಎರಡೂಕಾಲು ಇಂಚು ತಪ್ಪತೈತಿ."

ಮೂಲೆಯಲ್ಲಿ ಕೂತಿದ್ದ ಪಕ್ಕದ ಮನೆಯ ಮುದುಕಿ ಗುಂಡಮ್ಮ ಕಣ್ಣೊರೆಸಿಕೊಂಡು, "ತಪ್ಪಿದ್ರ ತಪ್ಪಲಿ ಬಿಡೋ ಮಾರಾಯಾ. ಎರಡು ಇಂಚು ಹೆಚ್ಚಾದ್ರ ಒಳಗ ಕುಂತಾಂವ ಎದ್ದು ಜಗಳಕ್ಕ ಬರ್ತಾನೇನು?" ಎಂದಳು.

"ಇಂವಾ ಬರ್ತಾನ ಅವ್ವಾ," ಎಂದ ಶಾಂತಪ್ಪ. ಇಬ್ಬರು ಮೂವರು ನಕ್ಕರು. ನಕ್ಕಿದ್ದಕ್ಕೆ ತಾವೇ ನಾಚಿ ತಲೆ ತಗ್ಗಿಸಿದರು.

ಅವನು ನೂಲನ್ನು ಟೇಪಿನ ಮೇಲಿಟ್ಟು ನೋಡಿದ. ಒಂಬತ್ತು ಮುಕ್ಕಾಲು. ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಒಬ್ಬ ಅಳೆದದ್ದನ್ನು ಇನ್ನೊಬ್ಬ ಅಳೆಯುವ ತನಕ ಬಾಯಿಬಿಟ್ಟು ಹೇಳಬಾರದು. ಕೇಳಿಬಿಟ್ಟರೆ ಎರಡನೆಯವನ ಕಣ್ಣು ಮೊದಲನೆಯವನ ಸಂಖ್ಯೆಯನ್ನೇ ಹುಡುಕುತ್ತದೆ. ಈ ನಿಯಮ ಸೂರ್ಯಕಾಂತನದು.

"ವಿಜಿ, ಇಲ್ಲಿ ಬಾರವ್ವ. ನೀನೂ ಒಮ್ಮೆ ಅಳಿ."

ಸೂರ್ಯಕಾಂತನ ಒಬ್ಬಳೇ ಮಗಳು ವಿಜಯಶ್ರೀ ಕೊಂಡಾಪುರದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ರಾತ್ರಿಯೆಲ್ಲ ಅತ್ತು ಅವಳ ದನಿ ಒಡೆದಿತ್ತು.

"ನೀವು ನೋಡಿದ ಮ್ಯಾಲೆ ಮುಗೀತಲ್ಲ ಕಾಕಾ," ಎಂದಳು. "ನಿಮ್ಮ ಕಣ್ಣು ಇನ್ನೂ ಪಕ್ಕಾ ಐತಿ. ಕಡೀಕ ಕೈ ಕೊಟ್ಟಿದ್ದು ಅಪ್ಪನ ಕಣ್ಣು."

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದ್ದಳು. ಶಾಂತಪ್ಪ ನೂಲನ್ನು ಅವಳ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತ. "ಒಂಬತ್ತು ಮುಕ್ಕಾಲು," ಎಂದು ಅವಳು ಹೇಳಿದ್ದು ಬೆನ್ನ ಹಿಂದಿನಿಂದ ಕೇಳಿಸಿತು.

*

ಸೂರ್ಯಕಾಂತ ಹುಮನಾಬಾದಿನವ, ಶಾಂತಪ್ಪ ಭಾಲ್ಕಿಯವ. ಬಾಲಾನಗರದ ಒಂದು ಕಾರ್ಖಾನೆಯ ಅಳತೆ ಕೋಣೆಯಲ್ಲಿ ಇಬ್ಬರೂ ಇಪ್ಪತ್ತಾರು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತವರು. ಬೇರೆ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಅಳೆದು ನೋಡುವುದು ಅವರ ಕೆಲಸ. ಮಧ್ಯಾಹ್ನ ರೊಟ್ಟಿಯ ಡಬ್ಬಿ ಬಿಚ್ಚುವ ಮೊದಲು ಇಬ್ಬರೂ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. "ನೋಡ್ರಿ, ಮೀಟರಿಗೂ ಪೂಜಾ ಮಾಡ್ತಾರ," ಎಂದು ಉಳಿದವರು ಕಾಡಿಸುತ್ತಿದ್ದರು.

ನಿವೃತ್ತಿಯಾದ ಮೇಲೆ ಶಾಂತಪ್ಪ ದೇವರು ದಿಂಡರು ಎಂದು ಓಡಾಡಿಕೊಂಡಿದ್ದ. ಸೂರ್ಯಕಾಂತ ಮುಂಗೋಣೆಯಲ್ಲೇ ಒಂದು ಮೇಜು ಹಾಕಿಕೊಂಡ. ಸುತ್ತ ಕಾಲೇಜುಗಳು. ಅಲ್ಲಿ ಕಲಿಯುವವರಿಗೆ ದೊಡ್ಡ ಕಂಪನಿಗಳ ಉಪಕರಣವಾಗಲಿ ಅದರ ಜೊತೆಗೆ ಬರುವ ತಂತ್ರಾಂಶವಾಗಲಿ ಕೈಗೆಟುಕುವಂಥದ್ದಲ್ಲ. ಆದರೆ ಬೆಂಕಿಪೊಟ್ಟಣದಷ್ಟೇ ಇರುವ ಅಗ್ಗದ ಪೆಟ್ಟಿಗೆಗಳು ಬರುತ್ತಿದ್ದವು. ತಂತಿಯಲ್ಲಿ ಹರಿಯುವ ಸಂಕೇತವನ್ನು ಹಿಡಿದು ಕಂಪ್ಯೂಟರಿಗೆ ಕೊಡುವುದು ಆ ಪೆಟ್ಟಿಗೆಯ ಕೆಲಸ. ಅದನ್ನು ಏರಿಳಿಯುವ ಗೆರೆಯಾಗಿ ಬಿಡಿಸಿ ಅರ್ಥ ಹೇಳುವುದು ತಂತ್ರಾಂಶದ ಕೆಲಸ. ಆ ತಂತ್ರಾಂಶವನ್ನು ದೇಶ ದೇಶಗಳ ಜನ ಕೂಡಿ ಕಟ್ಟಿ, ಯಾರು ಬೇಕಾದರೂ ಬಳಸಿ, ಒಳಗೇನಿದೆ ಎಂದು ಬಿಚ್ಚಿ ಓದಿ, ತಿದ್ದಿ ಎಂದು ಬಿಟ್ಟುಕೊಟ್ಟಿದ್ದರು. ಯಾವ ಪೆಟ್ಟಿಗೆ ಅದರೊಂದಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಮಾತ್ರ ಯಾರಾದರೂ ಕೂತು ಪರೀಕ್ಷೆ ಮಾಡಿ ಅವರ ಪಟ್ಟಿಯಲ್ಲಿ ಬರೆಯಬೇಕಿತ್ತು. ಸೂರ್ಯಕಾಂತ ಆ ಕೆಲಸ ಹಿಡಿದ.

"ಇದು ದಾಸೋಹ ನೋಡೋ ಶಾಂತ್ಯಾ," ಎನ್ನುತ್ತಿದ್ದ. "ಅಡಗಿ ಮಾಡಿದವರು ಯಾರೋ, ಉಣ್ಣೋರು ಯಾರೋ. ಅನ್ನದಾಗ ಕಲ್ಲು ಬರದಂಗ ನೋಡ್ಕೊಳ್ಳೋದಷ್ಟ ನನ್ನ ಪಾಲಿಂದು."

ಮೂವತ್ತೊಂದು ಉಪಕರಣಗಳ ಮುಂದೆ ಅವನ ಹೆಸರು ಬಿತ್ತು. ಒಂದೊಂದಕ್ಕೂ ಎರಡನೆಯವನ ಅಳತೆ ಬೇಕೇ ಬೇಕು. ಆ ಎರಡನೆಯವನು ಶಾಂತಪ್ಪ.

ನಾಲ್ಕು ವರ್ಷದ ಹಿಂದೆ, ಶಿವರಾತ್ರಿಗೆ ನಾಲ್ಕು ದಿನ ಇರುವಾಗ, ಸೂರ್ಯಕಾಂತ ಹೊಸ ಪೆಟ್ಟಿಗೆಯೊಂದನ್ನು ಬಿಸ್ಕಿಟ್ ಡಬ್ಬಿಯಲ್ಲಿಟ್ಟು ಕೊಟ್ಟ. ಅತಿ ಹೆಚ್ಚಿನ ವೇಗದಲ್ಲಿ ಒಂದು ತಾಸು ಓಡಿಸಬೇಕು, ನಡುವೆ ಎಲ್ಲಿಯೂ ಸಂಕೇತ ತಪ್ಪಬಾರದು. "ನನ್ನ ಕಡೆ ಏನು ಬಂತು ಅಂತ ಕೇಳಬ್ಯಾಡ. ನಿನ್ನ ಕಂಪ್ಯೂಟರಿನ್ಯಾಗ ನೋಡಿ ಹೇಳು." ಮರುದಿನವೇ ಶಾಂತಪ್ಪನ ಹೆಂಡತಿ ಜಯಮ್ಮ ಶ್ರೀಶೈಲಕ್ಕೆ ಹೊರಟಳು, ಅವನೂ ಹೊರಟ. ಅಲ್ಲಿ ಮಲ್ಲಯ್ಯನ ದರ್ಶನದ ಸಾಲಿನಲ್ಲಿ ನಿಂತಿದ್ದಾಗ ಫೋನು ಬಂತು.

"ನೋಡಿದ್ಯಾ?"

"ನೋಡಿದೆ. ಬರೋಬ್ಬರಿ ಐತಿ."

ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಡಬ್ಬಿ ಮನೆಯ ಅಲಮಾರಿಯಲ್ಲಿತ್ತು, ಮುಚ್ಚಳವನ್ನೂ ತೆಗೆದಿರಲಿಲ್ಲ. ಸೂರ್ಯ ನೋಡಿದ್ದಾನಲ್ಲ, ಅವನ ಕೈಯಲ್ಲಿ ಯಾವಾಗ ತಪ್ಪಿದೆ ಎಂದುಕೊಂಡ. ತಂಬಿಗೆ ನೀರು ಚೆಲ್ಲಿದಷ್ಟೇ ಸಣ್ಣ ಸುಳ್ಳು ಅನಿಸಿತ್ತು.

ಮೂರು ತಿಂಗಳಾದ ಮೇಲೆ ದೂರದ ಯಾವುದೋ ದೇಶದ ಒಂದು ಕಾಲೇಜಿನಿಂದ ಪತ್ರ ಬಂತು. ಪಟ್ಟಿಯನ್ನು ನಂಬಿ ಇಪ್ಪತ್ತನಾಲ್ಕು ಪೆಟ್ಟಿಗೆ ತರಿಸಿದ್ದರಂತೆ. ಓಡಿಸಿದ ಹತ್ತೇ ನಿಮಿಷಕ್ಕೆ ಸಂಕೇತ ತಪ್ಪುತ್ತದೆ. ಹುಡುಗರ ಆ ವರ್ಷದ ಪ್ರಯೋಗ ಹಾಳಾಯಿತು. ಸೂರ್ಯಕಾಂತ ಒಂದು ಸಂಜೆ ಶಾಂತಪ್ಪನ ಮನೆಗೆ ಬಂದ. ಚಹಾ ಕುಡಿದ. ಎದ್ದು ಹೋಗುವಾಗ ಹೊಸ್ತಿಲಲ್ಲಿ ನಿಂತು, "ಶಾಂತ್ಯಾ, ಅವತ್ತು ನೀ ಎಷ್ಟು ಹೊತ್ತು ಓಡಿಸಿದ್ದಿ?" ಎಂದು ಕೇಳಿದ.

"ಒಂದು ತಾಸು."

ಸೂರ್ಯಕಾಂತ ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡ. ಆ ರಾತ್ರಿ ಎಲ್ಲರೂ ಓದುವ ಆ ಪಟ್ಟಿಯಲ್ಲಿ, ಆ ಪೆಟ್ಟಿಗೆಯ ಕೆಳಗೆ, "ತಪ್ಪು ನನ್ನದು. ನೋಡುವುದರಲ್ಲಿ ನಾನು ಎಡವಿದೆ" ಎಂದು ಬರೆದ.

ವಿಜಯಶ್ರೀ ಅದನ್ನು ಓದಿದಳು. ಅಪ್ಪನ ಕಣ್ಣು ಹೋಗಿದೆ ಎಂದುಕೊಂಡಳು. ಎರಡು ವಾರದಲ್ಲಿ ಮುಂಗೋಣೆಯ ಮೇಜು ಹೋಗಿ ಅಲ್ಲಿ ಸೋಫಾ ಬಂತು. ಆಮೇಲೆ ಶಾಂತಪ್ಪ ಬಂದಾಗಲೆಲ್ಲ ಸೂರ್ಯಕಾಂತ ಅದೇ ಸೋಫಾದ ತುದಿಯಲ್ಲಿ, ಬಸ್ಸಿಗೆ ಕಾಯುವವನ ಹಾಗೆ, ಕೈ ಕಟ್ಟಿ ಕೂತಿರುತ್ತಿದ್ದ. ಹವೆಯ ಮಾತು, ಮೊಣಕಾಲಿನ ಮಾತು. ಪರೀಕ್ಷೆಯ ಮಾತು ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ. ನಾಲ್ಕು ವರ್ಷ ದಿನವೂ ಲಿಂಗಪೂಜೆಗೆ ಕೂತಾಗ ಶಾಂತಪ್ಪ ನಾಳೆ ಹೇಳುತ್ತೇನೆ ಎಂದುಕೊಂಡೇ ಏಳುತ್ತಿದ್ದ.

*

ರುದ್ರಭೂಮಿ ಮೂಸಿ ಹೊಳೆಯ ಆಚೆ, ಎರಡು ಗೋದಾಮುಗಳ ನಡುವೆ ಇತ್ತು. ಸುವರ್ಣಾಳನ್ನು ಗುಂಡಮ್ಮನ ಜೊತೆ ಮನೆಯಲ್ಲೇ ಬಿಟ್ಟು ಉಳಿದವರು ಬಂದಿದ್ದರು. ದೇಹವನ್ನು ಹೂ ಕಟ್ಟಿದ, ಮಂಟಪದಂಥ ವಿಮಾನದಲ್ಲಿ ಕೂರಿಸಿಕೊಂಡೇ ಹೊತ್ತು ತಂದು ಬೇವಿನ ನೆರಳಿಗೆ ಇಳಿಸಿದರು.

ಶಾಂತಪ್ಪ ಕುಣಿಯ ಅಂಚಿಗೆ ಕೂತು ಟೇಪು ಬಿಟ್ಟ. ಉದ್ದ ಏಳು ಅಡಿ. ಏಳು ಅಡಿಯ ಮೇಲೆ ಸುಮಾರು ನಾಲ್ಕು ಇಂಚು ಇರಬೇಕಿತ್ತು.

"ಅಂದರಿಕೀ ಇಂತೇ ಸಾರ್," ಎಂದ ಕುಣಿ ತೋಡಿದ ಯಾದಗಿರಿ. ಎಲ್ಲರಿಗೂ ಇಷ್ಟೇ ಎಂದು ಕೈಯಲ್ಲೂ ತೋರಿಸಿದ.

"ಎಲ್ಲಾರ ಪಾದ ಒಂದ ಇರ್ತೈತೇನು? ಫೋನಿನ್ಯಾಗ ಹೇಳಿದ್ದೆವಲ್ಲಾ!" ಶಾಂತಪ್ಪನ ದನಿ ಏರಿತು. "ಇನ್ನೂ ತೋಡ್ರಿ."

ಅಯ್ಯನವರು ಬಿಸಿಲನ್ನು ನೋಡಿದರು, ಗಡಿಯಾರ ನೋಡಿದರು. ಹನುಮಂತರಾಯನ ತಾಳ್ಮೆ ಮುಗಿದಿತ್ತು.

"ಸಾಕು ಬಿಡ್ರಿ ಶಾಂತಪ್ಪನವರ. ಭಾವನ ಮ್ಯಾಲ ನನಗೂ ಪ್ರೀತಿ ಐತಿ. ಆದ್ರ ಅವರ ಕಡೀ ಅಳತೀನ ತಪ್ಪಿತ್ತಲ್ರಿ. ಊರ ಮುಂದ ಅವರ ಬರಕೊಂಡಾರ. ಈಗ ನಾಲ್ಕು ಇಂಚಿಗೆ ಏನು ರಾದ್ಧಾಂತ?"

ಶಾಂತಪ್ಪ ಎದ್ದು ನಿಂತ. ವಿಜಯಶ್ರೀ ಎರಡು ಹೆಜ್ಜೆ ದೂರದಲ್ಲಿ ಬಿಲ್ವದ ಬುಟ್ಟಿ ಹಿಡಿದು ನಿಂತಿದ್ದಳು. ಸುಮ್ಮನಿದ್ದರೆ ಇನ್ನೊಂದು ತಾಸಿನಲ್ಲಿ ಎಲ್ಲವನ್ನೂ ಮಣ್ಣು ಮುಚ್ಚುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೇಳಿದರೆ ತನ್ನ ಎದೆ ಹಗುರಾದೀತು, ಆದರೆ ಭಾರ ಈ ಹುಡುಗಿಯ ಹೆಗಲಿಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಶಿವನೇ, ಯಾವುದು ನಿನಗೆ ಮೆಚ್ಚಿಗೆ ಎಂದು ಒಳಗೇ ಕೇಳಿದ. ಯಾದಗಿರಿ ಗುದ್ದಲಿ ಊರಿ ನಿಂತಿದ್ದ.

"ತಪ್ಪಿದ್ದು ಅವನ ಅಳತಿ ಅಲ್ಲ," ಎಂದ. "ವಿಜಿ, ಎರಡನೇ ಅಳತಿ ನಾ ಮಾಡಲೇ ಇಲ್ಲವ್ವ."

"ಏನು ಕಾಕಾ?"

"ಆ ಪೆಟ್ಟಿಗಿ. ನಾ ಓಡಿಸಲಿಲ್ಲ. ಡಬ್ಬಿ ಮುಚ್ಚಳ ಸುದ್ದ ತೆಗೀಲಿಲ್ಲ. ಶ್ರೀಶೈಲದಾಗ ನಿಂತು, ನೋಡಿದೆ, ಬರೋಬ್ಬರಿ ಐತಿ ಅಂದೆ. ನಿಮ್ಮಪ್ಪನ ಕಣ್ಣಿಗೆ ಏನೂ ಆಗಿರಲಿಲ್ಲ. ಅವನ ಕಂಪ್ಯೂಟರಿಗೆ ಆ ಪೆಟ್ಟಿಗಿ ಹೊಂದಿತ್ತು, ಅಷ್ಟ. ಅದಕ್ಕ ಅಂವ ಎರಡನೇ ಕಡೆ ನೋಡು ಅಂತಿದ್ದ. ಅವನ ಕಂಪ್ಯೂಟರಿನ್ಯಾಗ ತಪ್ಪದ್ದು ನನ್ನದರಾಗ ತಪ್ಪತಿತ್ತು. ನಾ ನೋಡಿದ್ರ ಅವತ್ತ ತಿಳೀತಿತ್ತು."

ಬುಟ್ಟಿ ಅವಳ ಕೈಯಲ್ಲಿ ವಾಲಿತು. ನಾಲ್ಕಾರು ಬಿಲ್ವದೆಲೆ ಕೆಳಗೆ ಬಿದ್ದವು.

"ಅಪ್ಪಗ ಗೊತ್ತಿತ್ತಾ?"

"ಒಮ್ಮೆ ಕೇಳಿದ. ಒಂದು ತಾಸು ಓಡಿಸಿದೆ ಅಂದೆ. ಮತ್ತ ಕೇಳಲಿಲ್ಲ."

"ಡಾಕ್ಟರು ಕಣ್ಣು ಸಾಫ್ ಐತಿ ಅಂದಿದ್ರು," ಎಂದಳು ವಿಜಯಶ್ರೀ, ಯಾರಿಗೂ ಅಲ್ಲ ಎಂಬಂತೆ. "ನಾ ನಂಬಲಿಲ್ಲ. ಮೇಜು ಎತ್ತಿಸಿದೆ. ಎತ್ತೋರ ಜೋಡಿ ಅಪ್ಪಾನೇ ಒಂದು ಕಡೆ ಕೈ ಹಚ್ಚಿದ್ರು. ಭಾರ ಐತಿ, ನೀವು ಬಿಡ್ರಿ ಅಂತ ಅದಕ್ಕೂ ಬೈದೆ." ಬುಟ್ಟಿಯನ್ನು ನೆಲಕ್ಕಿಟ್ಟು ಕೇಳಿದಳು: "ನಾಲ್ಕು ವರ್ಷ ಕಾಕಾ. ನೀವು ವಾರ ವಾರ ಬಂದು ಎದುರಿಗೇ ಕೂಡತಿದ್ರಲ್ಲಾ?"

ಹನುಮಂತರಾಯ ಟವಲಿನಿಂದ ಮುಖ ಒರೆಸಿಕೊಂಡು ಅತ್ತ ತಿರುಗಿದ.

ಅವಳು ಯಾದಗಿರಿಯ ಕಡೆ ನೋಡಿ, ತೆಲುಗಿನಲ್ಲಿ, ನಾಲ್ಕು ಇಂಚು ತೋಡಿ ಎಂದಳು. ಗುದ್ದಲಿ ಮತ್ತೆ ಬೀಳತೊಡಗಿತು.

ಕುಣಿಯೊಳಗಿನ ಗೂಡಿನಲ್ಲಿ ಸೂರ್ಯಕಾಂತನನ್ನು ಕೂರಿಸಿದರು. ಅಯ್ಯನವರು ಮಂತ್ರ ಹೇಳಿ ವಿಭೂತಿ ಗಟ್ಟಿಗಳನ್ನು, ಬಿಲ್ವವನ್ನು ಇಟ್ಟರು. ಒಬ್ಬೊಬ್ಬರೇ ಬಂದು ಹಿಡಿ ಹಿಡಿ ಮಣ್ಣು ಕೊಟ್ಟರು. ಶಾಂತಪ್ಪ ಹಿಂದೆಯೇ ನಿಂತಿದ್ದ. ನನ್ನ ಕೈಯ ಮಣ್ಣು ಅವನ ಮೇಲೆ ಬೀಳುವುದು ಬೇಡ ಎಂದುಕೊಂಡಿದ್ದ. ವಿಜಯಶ್ರೀ ತಿರುಗಿ ನೋಡಿದಳು.

"ಕೊಡ್ರಿ," ಎಂದಳು. ದನಿಯಲ್ಲಿ ಕರುಣೆ ಇರಲಿಲ್ಲ. "ಇದನ್ನೂ ಮಾಡದೇ, ಮಾಡಿದೆ ಅಂತೀರೇನು?"

ಅವನು ಮೊಣಕಾಲೂರಿ ಎರಡೂ ಕೈಗಳಿಂದ ಕೊಟ್ಟ. ಒಮ್ಮೆ, ಎರಡು ಸಲ, ಮೂರು ಸಲ. ಆಮೇಲೆ ಎಣಿಸಲಿಲ್ಲ. ಕುಣಿ ತುಂಬಿ ಗುದ್ದಲಿಗಳು ನಿಂತಾಗ ಅವನ ಮುಂಗೈವರೆಗೂ ಮಣ್ಣಿತ್ತು.

ಜನ ಕೈಕಾಲು ತೊಳೆಯಲು ನಲ್ಲಿಯ ಕಡೆ ಹೋದರು. ವಿಜಯಶ್ರೀ ಹೋಗಲಿಲ್ಲ. ಅವನ ಪಕ್ಕ ಮಣ್ಣಿನ ಮೇಲೆಯೇ ಕೂತು ತನ್ನ ಫೋನು ತೆರೆದು ಅವನ ಮುಂದೆ ಹಿಡಿದಳು. ಆ ಪಟ್ಟಿ. ಆ ಪೆಟ್ಟಿಗೆಯ ಹೆಸರು. ಕೆಳಗೆ ನಾಲ್ಕು ವರ್ಷದ ಹಿಂದಿನ ತಾರೀಖು, ಸೂರ್ಯಕಾಂತನ ಹೆಸರು, ಅವನ ಎರಡು ವಾಕ್ಯ. ಅದರ ಕೆಳಗೆ ಬರೆಯಲು ಖಾಲಿ ಜಾಗ.

"ನಾ ಬರದ್ರ, ಮಗಳು ಅಪ್ಪನ ಪರ ಮಾತಾಡಾಕತ್ತಾಳ ಅಂತಾರ. ನೀವ ಬರೀರಿ. ನಿಮ್ಮ ಹೆಸರು ಹಾಕಿ ಬರೀರಿ."

"ಈಗಾ?"

"ಈಗ."

ಶಾಂತಪ್ಪ ತೋರುಬೆರಳಿಟ್ಟು ಒತ್ತಿದ. ಗಾಜಿನ ಮೇಲೆ ಮಣ್ಣಿನ ಗೀರೊಂದು ಬಿತ್ತು, ಅಕ್ಷರ ಮೂಡಲಿಲ್ಲ. ಮತ್ತೆ ಒತ್ತಿದ. ಮೂಡಲಿಲ್ಲ. ವಿಜಯಶ್ರೀ ಅವನ ಮುಖ ನೋಡದೆ ಕೈಯನ್ನು ತನ್ನ ಕಡೆ ಎಳೆದುಕೊಂಡು, ಸೆರಗಿನ ತುದಿಯಿಂದ ಆ ಬೆರಳನ್ನು ಉಗುರಿನ ಸಂದಿಯವರೆಗೆ ಒರೆಸಿದಳು. ಅವನು ಒತ್ತಿದ. ಒಂದು ಅಕ್ಷರ ಬಂತು. ಬೆವರಿಗೆ ಅಂಗೈಯ ಮಣ್ಣು ಕರಗಿ ಮತ್ತೆ ಬೆರಳ ತುದಿಗೆ ಇಳಿಯಿತು. ಅವಳು ಮತ್ತೆ ಒರೆಸಿದಳು, ಮುಂದಿನ ಅಕ್ಷರಕ್ಕೆ ಫೋನನ್ನು ಅಲುಗದಂತೆ ಹಿಡಿದಳು.