ಒಸಿ ಈಚೆ ಬನ್ನಿ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕೆಂಪಣ್ಣನನ್ನು ಬೈಯಬಾರದು.

ತೊಂಬತ್ತಾರರಲ್ಲಿ ನಾನು ಪಾಂಡವಪುರದ ಒಂದು ಖಾಸಗಿ ಬಸ್ ಕಂಪನಿಗೆ ಮ್ಯಾನೇಜರಾಗಿ ಬಂದೆ. ಮೈಸೂರಿನ ಓದು, ಮೂಗಿನ ತುದಿಯಲ್ಲೇ ಕೋಪ. ನಾಲ್ಕು ಬಸ್ಸು, ಹದಿನಾಲ್ಕು ಜನ. ಬಂದ ವಾರವೇ ಕಾನೂನು ಮಾಡಿದೆ. ಏನಿದ್ದರೂ ಎಲ್ಲರೆದುರು, ಒಂದೇ ಮಾತಿನಲ್ಲಿ ಹೇಳಬೇಕು. ಗುಸುಗುಸು ನನಗಾಗದು.

ಆ ಸೋಮವಾರ ಬೆಳಿಗ್ಗೆ ನಾಗಮಂಗಲದ ಬಸ್ಸಿಗೆ ಪೂಜೆಯಾಗಿತ್ತು. ಚಕ್ರದಡಿ ನಿಂಬೆಹಣ್ಣು, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಡ್ರೈವರ್ ಕೆಂಪಣ್ಣ ನನ್ನ ಬಳಿ ಬಂದು, ಒಸಿ ಈಚೆ ಬನ್ನಿ ಸಾರ್ ಅಂದ. ಇಲ್ಲೇ ಹೇಳು ಅಂದೆ. ಬಸ್ಸಿನ ಕಡೆ ನೋಡಿದ, ನೆಲ ನೋಡಿದ, ಮತ್ತೆ ಕರೆದ. ನನಗೆ ರೇಗಿತು. ಓಡಿಸೋಕೆ ಮನಸ್ಸಿಲ್ಲದಿದ್ದರೆ ಬೀಗದಕೈ ಇಟ್ಟು ಹೋಗು, ನಾಳೆಯಿಂದ ಬರಬೇಡ ಅಂತ ಕೂಗಿದೆ. ಪ್ಯಾಸೆಂಜರುಗಳೆಲ್ಲ ಕಿಟಕಿಯಲ್ಲಿ ಇಣುಕಿದರು.

"ಏನಿಲ್ಲ ಬುಡಿ ಸಾರ್" ಅಂದು ಸೀಟು ಹತ್ತಿದ.

ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಮೆಕ್ಯಾನಿಕ್ ದ್ಯಾವಯ್ಯ ಬಂದ. ಬಸ್ಸು ನಿಂತಿದ್ದ ಜಾಗದಲ್ಲಿ ಎಣ್ಣೆ ಬಿದ್ದಿತ್ತು. ಬೆರಳಲ್ಲಿ ಮುಟ್ಟಿ ಮೂಸಿ, ಇದು ಬ್ರೇಕಿನದು, ಕೆಂಪಣ್ಣ ಏನೂ ಹೇಳಲಿಲ್ಲವಾ ಅಂತ ಕೇಳಿದ. ಕರೆದ, ನಾನೇ ಹೋಗಲಿಲ್ಲ ಅಂದೆ. ದ್ಯಾವಯ್ಯ ನನ್ನನ್ನೇ ದಿಟ್ಟಿಸಿದ.

"ಪೂಜೆ ಆದ ಗಾಡಿ ಮುಂದೆ ಕೆಟ್ಟ ಮಾತು ಆಡ್ತಾರಾ ಸಾರ್? ಅದ್ಕೇ ಈಚೆ ಕರ್ದವ್ನೆ."

ನಾಗಮಂಗಲದ ದಾರಿಯಲ್ಲಿ ಸಿಗುವ ಮೇಲುಕೋಟೆ ಬೆಟ್ಟ ಹತ್ತುವುದು ಹೇಗೋ ಆಗುತ್ತದೆ. ಆಚೆ ಇಳಿಯಬೇಕಲ್ಲ. ಫೋನ್ ಎತ್ತಿದರೆ ಲೈನು ಸತ್ತಿತ್ತು. ಸ್ಕೂಟರ್ ಹತ್ತಿ ಓಡಿಸಿದೆ. ಜಕ್ಕನಹಳ್ಳಿಯಲ್ಲಿ ಕೇಳಿದರೆ, ಬಸ್ಸು ಆಗಲೇ ಹೋಯಿತು ಅಂದರು. ಬೆಟ್ಟದ ದಾರಿಯಲ್ಲಿ ಪ್ರತಿ ತಿರುವಿಗೂ ಬಸ್ಸಿನಲ್ಲಿದ್ದ ಅರವತ್ತು ಜನರ ಲೆಕ್ಕ ನೆನಪಾಗುತ್ತಿತ್ತು. ಮನೆದೇವರಿಗೆಲ್ಲ ಹರಕೆ ಹೊತ್ತೆ.

ಮೇಲುಕೋಟೆ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀಟಿ ಊದಿದ್ದ, ಬಸ್ಸು ಹೊರಟಿತ್ತು. ನಾನು ಸ್ಕೂಟರನ್ನು ಅಡ್ಡ ನಿಲ್ಲಿಸಿದೆ. ಬ್ರೇಕಿಲ್ಲದ ಬಸ್ಸಿಗೆ ಅಡ್ಡ ನಿಂತ ಬುದ್ಧಿವಂತ ನಾನು. ಕೆಂಪಣ್ಣ ಗೇರಿನಲ್ಲೇ ಇಂಜಿನ್ ಉಸಿರು ಕಟ್ಟಿಸಿ, ಒಂದು ಮೊಳ ದೂರದಲ್ಲಿ ನಿಲ್ಲಿಸಿದ.

ಜನರನ್ನೆಲ್ಲ ಇಳಿಸಿ, ಅವನನ್ನು ನಾನೇ ದೂರದ ಕಟ್ಟೆಗೆ ಕರೆದುಕೊಂಡು ಹೋದೆ. ಅವನು ಮೊದಲು ನನ್ನ ಬೆವರಿನ ಬಗ್ಗೆ ಮಾತಾಡಿದ. ಆಮೇಲೆ ಕಾಫಿ ಆಯಿತಾ ಅಂತ ಕೇಳಿದ. ನಾಲಿಗೆ ಕಚ್ಚಿಕೊಂಡು ಕೂತೆ, ನಡುವೆ ಬಾಯಿ ಹಾಕಲಿಲ್ಲ. ನಿನ್ನೆ ಸಂಜೆಯಿಂದಲೇ ಬ್ರೇಕ್ ಪೆಡಲು ಪೂರ್ತಿ ಕೆಳಗಿಳಿಯುತ್ತಿತ್ತಂತೆ. ಫಸ್ಟ್ ಗೇರಿನಲ್ಲಿ ಹೇಗೋ ಇಳಿಸುತ್ತೇನೆ ಅಂದುಕೊಂಡಿದ್ದನಂತೆ. ಕೊನೆಗೆ ತಲೆ ತಗ್ಗಿಸಿಕೊಂಡು ಅಂದ:

"ನನ್ ಮಗ್ಳು ಇದೇ ಬಸ್ಸಲ್ಲಿದ್ಲು ಸಾರ್, ನಾಗಮಂಗಲಕ್ಕೆ, ಚಿಕ್ಕವ್ವನ ಮನೆಗೆ ಓಯ್ತಿದ್ಲು. ಜಕ್ಕನಹಳ್ಳೀಲೇ ಇಳಿಸ್ಬುಟ್ಟೆ."

ಉಳಿದವರ ಗತಿ ಏನಪ್ಪಾ ಅಂತ ಬಾಯಿಗೆ ಬಂತು. ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಇಳಿಜಾರಿನ ಭಯ ಅವನಿಗೆ ಚೆನ್ನಾಗಿಯೇ ಇತ್ತು. ಆದರೆ ಅವನಿಗೆ ನನ್ನ ಮೇಲಿದ್ದ ಭಯ ಅದಕ್ಕಿಂತ ಹೆಚ್ಚಾಗಿತ್ತು.